ಬರೆದವಳು ಬಾಯಿ ಬಿಡಕೂಡದು

ನಾನು ಓದಿದ್ದು ಟೆಕ್ನಿಕಲ್ ಅಂಡ್ ಪ್ರೊಫೆಷನಲ್ ಕಮ್ಯುನಿಕೇಷನ್. ಈ ಹೆಸರನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರ ಕೈಯಲ್ಲಿದ್ದ ಕಾಫಿ ಆರಿರುತ್ತಿತ್ತು. ಯಲಹಂಕದ ಪಕ್ಕದ ಕೋಗಿಲಿನ ನಮ್ಮ ಬೀದಿಯಲ್ಲಿ ಇಂಜಿನಿಯರಿಂಗ್ ಅಂದರೆ ಗೊತ್ತು, ನರ್ಸಿಂಗ್ ಗೊತ್ತು, ಬಿ.ಕಾಂ. ಮಾಡಿ ಆಡಿಟರ್ ಆಫೀಸಿಗೆ ಹೋಗುವುದೂ ಗೊತ್ತು. ಇದ್ಯಾವ ಸೀಮೆಯ ಓದು ಅಂತ ಎಲ್ಲರಿಗೂ ಅನುಮಾನ. ದೊಡ್ಡಮ್ಮ ಒಂದು ಸಲ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಅಮ್ಮನನ್ನು ಕೇಳಿಯೇ ಬಿಟ್ಟಳು: “ಅಲ್ಲ ಕಣೇ, ಮಾತಾಡೋದನ್ನೂ ಕಾಲೇಜಲ್ಲಿ ಕಲಿಸ್ತಾರಾ? ಅದೂ ಇವಳಿಗಾ?”

ಕೇಳಿದ್ದರಲ್ಲಿ ನ್ಯಾಯವಿತ್ತು. ನಾನು ಹುಟ್ಟಾ ಬಾಯಿಬಡುಕಿ. ಬಸ್ಸಿನಲ್ಲಿ ಪಕ್ಕದವರು ಟಿಕೆಟ್ಟಿಗೆ ಚಿಲ್ಲರೆ ಹುಡುಕುತ್ತಿದ್ದರೆ ‘ಸೈಡ್ ಜಿಪ್ಪಲ್ಲಿ ನೋಡ್ರೀ’ ಅನ್ನುವವಳು. ಆದರೆ ದೊಡ್ಡಮ್ಮನಿಗೆ ಗೊತ್ತಿಲ್ಲದ್ದು ಏನೆಂದರೆ, ಆ ಓದು ನನಗೆ ಕಲಿಸಲು ಹೊರಟಿದ್ದು ಮಾತನ್ನಲ್ಲ, ಸುಮ್ಮನಿರುವುದನ್ನು.

ಕಾಲೇಜು ಯಲಹಂಕದ ಆಚೆ. ಮಿಕ್ಸಿ ಡಬ್ಬಿಯೊಳಗಿನ ಕೈಪಿಡಿಯಿಂದ ಹಿಡಿದು ಆಫೀಸಿನ ಪತ್ರದವರೆಗೆ, ಓದಿದವರು ಓದಿದ ಕೂಡಲೇ ಕೆಲಸ ಮಾಡಿಕೊಳ್ಳುವ ಹಾಗೆ ಬರೆಯುವುದು ಹೇಗೆ ಅನ್ನುವುದೇ ನಮ್ಮ ಪಾಠ. ಕಲಿಸುತ್ತಿದ್ದ ಮೇಡಂ ಸಣ್ಣ ಆಳು, ಇಸ್ತ್ರಿ ಮುರಿಯದ ಕಾಟನ್ ಸೀರೆ, ಎಂದೂ ದನಿ ಏರಿಸಿದವರಲ್ಲ. ಆದರೆ ಅವರದೊಂದು ಕಟ್ಟಪ್ಪಣೆ ಇತ್ತು. ನಾವು ಬರೆದದ್ದನ್ನು, ಆ ಕೆಲಸ ಗೊತ್ತಿಲ್ಲದ ಒಬ್ಬರ ಕೈಗೆ ಕೊಡಬೇಕು. ಅವರು ಓದಿ ಮಾಡಬೇಕು. ಬರೆದವರು ಪಕ್ಕದಲ್ಲಿ ಕೂತು ನೋಡಬೇಕು, ಅಷ್ಟೆ. ತಪ್ಪು ಮಾಡಿದರೂ ತುಟಿ ಎರಡು ಮಾಡುವಂತಿಲ್ಲ, ಕಣ್ಣಲ್ಲಿ ಸನ್ನೆ ಮಾಡುವಂತಿಲ್ಲ.

“ನೀವು ಮಿಕ್ಸಿ ಜೊತೆ ಡಬ್ಬಿಯೊಳಗೆ ಕೂತು ಗಿರಾಕಿ ಮನೆಗೆ ಹೋಗಲ್ಲ ಅಲ್ವಾ?” ಅನ್ನುತ್ತಿದ್ದರು ಮೇಡಂ. “ಕಾಗದ ಒಂದೇ ಹೋಗೋದು. ಅವರ ಕೈ ಎಲ್ಲಿ ನಿಲ್ಲುತ್ತೋ ಅಲ್ಲಿ ನಿಮ್ಮ ವಾಕ್ಯ ಸೋತಿದೆ ಅಂತ ಲೆಕ್ಕ.”

ಮೊದಲ ಸಲ ನಾನು ಬರೆದದ್ದು ಹೂ ಕಟ್ಟುವುದು ಹೇಗೆ ಅಂತ. ಅದೇನು ಮಹಾ, ನಿದ್ದೆಗಣ್ಣಲ್ಲೂ ಮೊಳಗಟ್ಟಲೆ ಕಟ್ಟುವವಳು ನಾನು. ನನ್ನ ಬರಹ ಸಿಕ್ಕಿದ್ದು ಆರ್.ಟಿ. ನಗರದ ಒಬ್ಬ ಹುಡುಗನಿಗೆ. ಬೈಕಿನ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದವನು, ಮಲ್ಲಿಗೆಯನ್ನು ಮಾತ್ರ ಹಾವಿನ ಮರಿ ಹಿಡಿದ ಹಾಗೆ ಹಿಡಿದ. ‘ದಾರದ ಮೇಲೆ ಎರಡು ಹೂ ಇಡಿ’ ಅಂತ ನಾನು ಬರೆದಿದ್ದೆ. ಪುಣ್ಯಾತ್ಮ ದಾರವನ್ನು ಬೆಂಚಿನ ಮೇಲೆ ಉದ್ದಕ್ಕೆ ಮಲಗಿಸಿ, ಅದರ ಮೇಲೆ ಎರಡು ಹೂ ಇಟ್ಟು, ಕೈಕಟ್ಟಿ ಕೂತ. ನನಗೆ ತಡೆದುಕೊಳ್ಳಲಾಗಲಿಲ್ಲ. “ಅಯ್ಯೋ ಹಾಗಲ್ಲ ಕಣೋ, ಇತ್ಲಾಗ್ ಕೊಡು!” ಅಂತ ಅವನ ಮುಂದಿನಿಂದ ಕಿತ್ತುಕೊಂಡು ಸರಸರನೆ ಕಟ್ಟಿ ತೋರಿಸಿದೆ. ಮೇಡಂ ಪೆನ್ನು ಕೆಳಗಿಟ್ಟು, “ಹೂ ಚೆನ್ನಾಗಿ ಕಟ್ತೀಯಮ್ಮ, ಸೊನ್ನೆ” ಅಂದರು. ಆ ಹುಡುಗನೇ ಮರುಗಿ, “ಬಿಡಿ ಮೇಡಂ, ಕಟ್ಟಿರೋ ಹೂವನ್ನಾದ್ರೂ ನೀವು ಮುಡ್ಕೊಳ್ಳಿ” ಅಂದ. ಇಡೀ ಕ್ಲಾಸು ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಆದರೆ ಕಿತ್ತುಕೊಳ್ಳುವುದನ್ನು ನಾನು ಎಲ್ಲಿಂದ ಕಲಿತೆ ಅಂತ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಮನೆಯಲ್ಲಿ ಪ್ರೀತಿ ಅಂದರೆ ಕಿತ್ತುಕೊಳ್ಳುವುದೇ. ನೀವು ಬಂದು ಒಂದು ಲೋಟ ತೊಳೆಯಲು ಹೋಗಿ ನೋಡಿ. ‘ಇತ್ಲಾಗ್ ಕೊಡು’ ಅಂತ ಅಮ್ಮನ ಕೈ ಮುಂದೆ ಬಂದಿರುತ್ತದೆ. ಅಕ್ಕನಿಗೆ ಮದುವೆಯಾಗುವವರೆಗೂ ಅಮ್ಮ ಜಡೆ ಹಾಕುತ್ತಿದ್ದಳು. ನನಗೆ ಈಗಲೂ ಮೀನಿನ ಮುಳ್ಳು ಬಿಡಿಸಿ ತಟ್ಟೆಗೆ ಹಾಕುತ್ತಾಳೆ. ಅಪ್ಪನಿಗಂತೂ ಟವೆಲ್ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಕೈ ಚಾಚಿದರೆ ಬರುತ್ತಿತ್ತು.

ಅಪ್ಪ ಯಶವಂತಪುರದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮಂಡಿಯೊಂದರ ಗುಮಾಸ್ತ. ಬೆಳಗಿನ ಮೊದಲ ಬಸ್ಸಿಗೆ ಹೋಗುವವನು. ಲಾರಿ ಡ್ರೈವರುಗಳ ಎದುರು ನಿಂತು ಕೂಗಾಡಿದರೆ ಮಂಡಿಯ ಸಾಲಿಗೆಲ್ಲ ಕೇಳಬೇಕು, ಅಂಥ ಗಂಟಲು. ಆದರೆ ಸೂಜಿ ಕಂಡರೆ ಮುಗಿಯಿತು. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದೆ ಡಾಕ್ಟರು ಇನ್ಸುಲಿನ್ ಬರೆದಾಗ, ಕ್ಲಿನಿಕ್ಕಿನ ನರ್ಸು ಪೆನ್ನಿನಂಥ ಆ ಸಾಧನ ಹಿಡಿದು ಹೇಗೆ ಚುಚ್ಚಿಕೊಳ್ಳಬೇಕು ಅಂತ ತೋರಿಸಿದರು. ಅಷ್ಟೂ ಹೊತ್ತು ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಕಲಿತವಳು ಅಮ್ಮ. ಅಂದಿನಿಂದ ಬೆಳಿಗ್ಗೆ ಒಂದು ಸಲ, ಸಂಜೆ ಊಟಕ್ಕೆ ಮುಂಚೆ ಒಂದು ಸಲ, ಒಳಕೋಣೆಯ ಮಂಚದ ಮೇಲೆ ಅಪ್ಪ ಕೂರುವುದು, ಅಮ್ಮ ಫ್ರಿಜ್ಜಿನಿಂದ ಪೆನ್ನು ತೆಗೆದುಕೊಂಡು ಹೋಗುವುದು. ಬಾಗಿಲು ಅರೆ ಮುಚ್ಚಿರುತ್ತಿತ್ತು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿದ್ದ ಅಕ್ಕನಿಗೆ ದಿನ ತುಂಬುತ್ತಾ ಬಂತು. ಚೊಚ್ಚಲು ಬಾಣಂತನ ತವರುಮನೆಯದು. ಅವಳು ಬರುತ್ತಾಳೆ ಅಂತ ಅಮ್ಮ ಹಳೇ ಸೀರೆಗಳನ್ನೆಲ್ಲ ಒಗೆದು ಮಡಿಸಿಟ್ಟಿದ್ದಳು. ಆದರೆ ಅಲ್ಲಿನ ಡಾಕ್ಟರು, ಗರ್ಭದಲ್ಲಿ ಮಾಸು ಕೆಳಗಿದೆ, ಪ್ರಯಾಣ ಮಾಡಲೇಕೂಡದು ಅಂದುಬಿಟ್ಟರು. ಭಾವನಿಗೆ ತಾಯಿಯಿಲ್ಲ. ಆ ಮನೆಯಲ್ಲಿ ಇನ್ನೊಂದು ಹೆಣ್ಣುಜೀವವಿಲ್ಲ. ಅಮ್ಮನೇ ಹೋಗಬೇಕು. ಹೋದರೆ ತಿಂಗಳುಗಟ್ಟಲೆ ಇರಬೇಕು. ಅಷ್ಟು ದಿನ ಅಪ್ಪನಿಗೆ ಚುಚ್ಚುವವರು ಯಾರು?

“ನಾನಿಲ್ವಾ?” ಅಂದೆ. ಅಪ್ಪ ಮುಖ ಸಿಂಡರಿಸಿದ. “ಬೆಳೆದ ಮಗಳ ಮುಂದೆ ಅಂಗಿ ಎತ್ಕೊಂಡು ಒಟ್ಟೆ ತೋರಿಸ್ಲಾ? ನಂಗಾಗಲ್ಲ ಕಣವ್ವಾ.” ಹೊಟ್ಟೆ ಬೇಡ ತೊಡೆ ಅಂದರೆ ಅದು ಇನ್ನೂ ಆಗದ ಮಾತು. ಕ್ಲಿನಿಕ್ಕು ತೆರೆಯುವ ಹೊತ್ತಿಗೆ ಅಪ್ಪ ಯಶವಂತಪುರದಲ್ಲಿರುತ್ತಾನೆ. ಉಳಿದದ್ದು ಒಂದೇ ದಾರಿ, ಅಪ್ಪನೇ ಚುಚ್ಚಿಕೊಳ್ಳಬೇಕು. ಆ ಮಾತೆತ್ತಿದರೆ ಅವನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗಿಬಿಡುತ್ತಿದ್ದ. ಅಕ್ಕ ದಿನಾ ಫೋನು ಮಾಡುತ್ತಿದ್ದಳು. ಅಮ್ಮ “ಬರ್ತೀನಿ ಕಣೇ, ನೋಡಣ” ಅನ್ನುತ್ತಿದ್ದಳು.

ಕಾಲೇಜಿನಲ್ಲಿ ಕೊನೆಯ ಪ್ರಾಜೆಕ್ಟಿಗೆ ವಿಷಯ ಕೊಡಬೇಕಿದ್ದದ್ದು ಆಗಲೇ. ನಾನು ಹಿಂದೆ ಮುಂದೆ ನೋಡದೆ ಬರೆದುಕೊಟ್ಟೆ: ಇನ್ಸುಲಿನ್ ಪೆನ್ನನ್ನು ಮೊದಲ ಸಲ ತಾನೇ ಬಳಸುವವರಿಗೆ ಕನ್ನಡದಲ್ಲಿ ಒಂದು ಹಾಳೆಯ ಸೂಚನೆ. ಡಬ್ಬಿಯೊಳಗೆ ಬಂದಿದ್ದ ಕಾಗದದಲ್ಲೂ ಕನ್ನಡ ಇತ್ತು, ಇಲ್ಲವೆಂದಲ್ಲ. ಇರುವೆ ಸಾಲಿನಂಥ ಅಕ್ಷರದಲ್ಲಿ ‘ಸೂಜಿಯನ್ನು ಚರ್ಮದೊಳಗೆ ಅಳವಡಿಸತಕ್ಕದ್ದು’ ಅಂತ. ಅಪ್ಪ ಅದನ್ನು ದೂರ ಹಿಡಿದು ಓದಿ, “ಇದೇನು ಕೋರ್ಟ್ ನೋಟೀಸಾ?” ಅಂದಿದ್ದ.

ಬರೆಯುವಾಗ ನಾನು ಅಪ್ಪನನ್ನೇ ಎದುರಿಗೆ ಕೂರಿಸಿಕೊಂಡಂತೆ ಬರೆದೆ. ಕೈ ತೊಳೆದುಕೊಳ್ಳಿ. ಹೊಸ ಸೂಜಿಯನ್ನು ಬಲಕ್ಕೆ ತಿರುಗಿಸಿ ಕೂರಿಸಿ. ಸೂಜಿಯ ತುದಿಯಲ್ಲಿ ಒಂದು ಹನಿ ಕಾಣುತ್ತದೆಯೇ ನೋಡಿ. ಹೀಗೆ ಒಂದೊಂದು ಸಾಲಿಗೆ ಒಂದೇ ಕೆಲಸ, ಪಕ್ಕದಲ್ಲಿ ಚಿತ್ರ. ಬರೆದದ್ದನ್ನು ಕ್ಲಿನಿಕ್ಕಿಗೆ ಒಯ್ದು ನರ್ಸಿಗೂ ಡಾಕ್ಟರಿಗೂ ತೋರಿಸಿದೆ. ನರ್ಸು ಒಂದೇ ಒಂದು ತಿದ್ದುಪಡಿ ಹೇಳಿದರು. “ಚುಚ್ಚಿ ಅಂತ ಬರೆದ್ರೆ ಸಾಲಲ್ಲ, ಒಂದೇ ಸಲ ಟಕ್ ಅಂತ ಚುಚ್ಚಿ ಅಂತ ಬರೀರಿ. ಹೆದ್ರಿ ನಿಧಾನ ಮಾಡಿದಷ್ಟೂ ನೋವು ಜಾಸ್ತಿ.” ನಾನು ಮನೆಗೆ ಬಂದವಳೇ ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆ ಹುಡುಗಿಗೇನು ಗೊತ್ತು? ಅವಳೇನು ನಿಮ್ಮಪ್ಪನ್ನ ಕಟ್ಕೊಂಡಿದ್ದಾಳಾ?” ಅಂದಳು. ನಾನು ಬಾಯಿ ಮುಚ್ಚಿಕೊಂಡೆ. ಅಮ್ಮನ ಎದುರು ಮಾತ್ರ ಅದು ನನಗೆ ಆಗಾಗ ಸಾಧ್ಯವಾಗುತ್ತದೆ.

ಮೊದಲ ಪರೀಕ್ಷೆಗೆ ಅಪ್ಪನನ್ನು ಒಪ್ಪಿಸಲು ನಾನು ಅತ್ತುಬಿಡುವುದೊಂದು ಬಾಕಿ. “ನನ್ನ ಮಾರ್ಕ್ಸಿಗೋಸ್ಕರ” ಅಂದಮೇಲೆ ಬಗ್ಗಿದ. ಸಂಜೆ ದೀಪ ಹಚ್ಚಿದ ಮೇಲೆ ಮಂಚದ ಮೇಲೆ ಕೂತ. ಕನ್ನಡಕ ಹಾಕಿಕೊಂಡು ಹಾಳೆಯನ್ನು ಜೋರಾಗಿ ಓದಿದ, ಮಂಡಿಯಲ್ಲಿ ಹರಾಜು ಕೂಗುವವರ ರಾಗದಲ್ಲಿ. ಅಮ್ಮ ಪಕ್ಕದಲ್ಲಿ ನಿಂತಿದ್ದಳು. ನಾನು ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು, ಕೆಳತುಟಿ ಕಚ್ಚಿಕೊಂಡು ಕೂತೆ. ಕೈ ತೊಳೆದ. ಸೂಜಿ ಕೂರಿಸಿದ. ಹನಿ ನೋಡಿದ. ಡಾಕ್ಟರು ಹೇಳಿದ ಅಳತೆಗೆ ಹಿಂಬದಿಯ ತಿರುಪನ್ನು ಟಿಕ್ ಟಿಕ್ ಅಂತ ತಿರುಗಿಸಿದ. ಒಂದು ಕಡೆಯೂ ಕೈ ನಿಲ್ಲಲಿಲ್ಲ. ನನಗೆ ಒಳಗೊಳಗೇ ಹಿಗ್ಗು. ‘ಒಂದೇ ಸಲ ಟಕ್ ಅಂತ ಚುಚ್ಚಿ’ ಅನ್ನುವ ಸಾಲು ಬಂತು. ಅಪ್ಪ ತಲೆಯೆತ್ತಿದ. “ತಗಳೇ” ಅಂತ ಪೆನ್ನನ್ನು ಅಮ್ಮನಿಗೆ ಕೊಟ್ಟ. ಅಮ್ಮ ತೆಗೆದುಕೊಂಡಳು. ಅಪ್ಪ ಅಂಗಿ ಎತ್ತುವುದರೊಳಗೆ ನಾನು ಗೋಡೆ ಕಡೆ ತಿರುಗಿಕೊಂಡೆ.

ಆ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದೆ. ಎರಡು ಸಾಲು ಮಾಡಿದೆ. ‘ನಿಮ್ಮ ಕೈಯಿಂದಲೇ’ ಅಂತ ಸೇರಿಸಿದೆ. ಚಿತ್ರವನ್ನು ಅಂಗೈಯಗಲ ಮಾಡಿದೆ. ಏನು ಮಾಡಿದರೂ ಅಷ್ಟೆ, ಆ ಜಾಗಕ್ಕೆ ಬಂದಾಗ “ತಗಳೇ”. ನಾಲಿಗೆ ತುದಿಯಲ್ಲಿ ಏನೆಲ್ಲ ಬೈಗುಳ ಬಂದು ಹೋದವು ಅಂತ ನನಗೇ ಗೊತ್ತು. ಕೊನೆಗೆ ಹಾಳೆ ಹಿಡಿದುಕೊಂಡು ಮೇಡಂ ಹತ್ತಿರ ಹೋದೆ.

“ಬರಹದಲ್ಲಿ ಏನೂ ತಪ್ಪಿಲ್ಲ ಮೇಡಂ. ನಮ್ಮಪ್ಪ ಹೆದರುಪುಕ್ಕಲ, ಅದೇ ತೊಂದರೆ.”

ಮೇಡಂ ನಕ್ಕರು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಓದೋರನ್ನ ಬೈಯೋಕೆ ನಮಗೆ ಹಕ್ಕಿಲ್ಲಮ್ಮ.” ಹಾಳೆಯನ್ನು ಮತ್ತೊಮ್ಮೆ ಓದಿ ಕೇಳಿದರು, “ಆಗ ಕೋಣೆಯಲ್ಲಿ ಇನ್ಯಾರಿರ್ತಾರೆ?”

“ಅಮ್ಮ.”

“ಹಾಗಾದ್ರೆ ಇವತ್ತು ಅಪ್ಪನ್ನ ನೋಡ್ಬೇಡ. ಅಮ್ಮನ್ನ ನೋಡು.”

ಇದೇನು ಹೇಳ್ತಾರಪ್ಪ ಅಂದುಕೊಂಡೇ ಬಂದೆ. ಹೆಬ್ಬಾಳದ ನೆಂಟರೊಬ್ಬರ ಮನೆಗೆ ಹೋಗಿ ಬಂದಿದ್ದ ಅಮ್ಮ ಅವತ್ತು ಖುಷಿಯಲ್ಲಿದ್ದಳು. ಸಂಜೆ ಮಂಚದ ಪಕ್ಕ ನಿಂತು, ಅಪ್ಪ ಸೂಜಿ ಕೂರಿಸುವಾಗಿಂದಲೇ ಶುರು ಮಾಡಿದಳು: ಆ ನೆಂಟರ ಸೊಸೆ ಫ್ಲೈಓವರಿನ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡು ಸೀಮಂತಕ್ಕೆ ತಾನೇ ತಡವಾಗಿ ಬಂದಳಂತೆ, ಬಂದವರೆಲ್ಲ ಊಟ ಮುಗಿಸಿದ್ದರಂತೆ. ಅಪ್ಪ “ಹೂಂ… ಹೂಂ…” ಅನ್ನುತ್ತಾ ತಿರುಪು ತಿರುಗಿಸುತ್ತಿದ್ದ. ನಾನು ಮೇಡಂ ಹೇಳಿದಂತೆ ಅಮ್ಮನನ್ನೇ ನೋಡುತ್ತಿದ್ದೆ. ಆಗ ಕಂಡಿತು. ಅಪ್ಪ ತಲೆಯೆತ್ತುವ ಮೊದಲೇ, ‘ತಗಳೇ’ ಅನ್ನುವ ಮೊದಲೇ, ಅಮ್ಮನ ಬಲಗೈ ಸೊಂಟದಿಂದ ಬಿಟ್ಟು ಮುಂದೆ ಬಂದಿತ್ತು. ಬೆರಳುಗಳು ಅರ್ಧ ತೆರೆದಿದ್ದವು. ಅಪ್ಪ ಹೆದರಿ ಕೊಟ್ಟದ್ದಲ್ಲ. ಅವಳ ಕೈ ಕಂಡು ಕೊಟ್ಟದ್ದು. ಹೂ ಕಟ್ಟುವ ಹುಡುಗನ ಎದುರು ನನ್ನ ಕೈ ಹೋದದ್ದೂ ಹೀಗೇ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಸುಮ್ಮನೆ ಹೇಳುವುದಿಲ್ಲ.

ಗೋಡೆ ಕಡೆ ತಿರುಗಿದವಳಿಗೆ ಹಿಂದಿನಿಂದ ಅಮ್ಮನ ದನಿ ಕೇಳಿತು. ಆ ದನಿಯಲ್ಲಿ ಅವಳು ನಮ್ಮ ಯಾರ ಹತ್ತಿರವೂ ಮಾತಾಡಿದ್ದಿಲ್ಲ. “ಆಯ್ತು, ಆಯ್ತು. ನಿಧಾನಕ್ಕೆ ಹಾಕ್ತೀನಿ. ನೋವಾಗಬಾರ್ದು.”

ಮರುದಿನ ಅಡುಗೆಮನೆಯಲ್ಲಿ ನಾನು ಮಾತೆತ್ತಿದೆ. ಅಮ್ಮ ಮುದ್ದೆ ತೊಳಸುತ್ತಿದ್ದಳು. “ಅಮ್ಮಾ, ನೀನು ಇವತ್ತು ಸಂಜೆ ಆ ಕೋಣೆಗೆ ಬರಬೇಡ. ನೀನಿದ್ರೆ ಅಪ್ಪ ಮಾಡಲ್ಲ.”

“ನಾನೇನು ಅವರ ಕೈ ಕಟ್ಟಾಕಿದ್ದೀನಾ?”

“ಕಟ್ಟಾಕಿಲ್ಲ. ಕಿತ್ಕೋತೀಯ.”

ಅಮ್ಮನ ಕೈಯ ಮುದ್ದೆಕೋಲು ಪಾತ್ರೆಯ ತಳಕ್ಕೆ ಕುಟ್ಟುವ ಸದ್ದು ಜೋರಾಯಿತು. ಹಿಟ್ಟು ಬೆಂದು ಹೊಗೆಯಾಡುತ್ತಿತ್ತು. ನಾನು ಸುಮ್ಮನಿದ್ದೆ. ಮೇಡಂ ಕಲಿಸಿದ ಮೇಲೆ ನನಗೆ ಅಷ್ಟಾದರೂ ಬಂದಿತ್ತು. ಹಿಂದಿನ ನಾನಾಗಿದ್ದರೆ ಅಷ್ಟರಲ್ಲಿ ಹತ್ತು ಮಾತು ಸೇರಿಸಿರುತ್ತಿದ್ದೆ. ಸುಮ್ಮನಿದ್ದದ್ದಕ್ಕೇ ಇರಬೇಕು, ಅಮ್ಮನೇ ಆಡಿದಳು.

“ಮದುವೆ ಆದಾಗಿಂದ ಆ ಮನುಷ್ಯ ನನ್ ಪಕ್ಕ ಕೂತು ಎರಡು ಮಾತು ಕೇಳಿದ್ದಿಲ್ಲ. ಬೆಳಗಾಗೋಕೆ ಮುಂಚೆ ಮಂಡಿ, ಬಂದ್ರೆ ಊಟ, ಉಂಡ್ರೆ ನಿದ್ದೆ. ಈ ಸೂಜಿ ಬಂದಮೇಲೆ ದಿನಕ್ಕೆರಡು ಸಲ ಕೂತ್ಕೋತಾರೆ. ನಾನು ಏನೇಳಿದ್ರೂ ಹೂಂ ಅಂತಾರೆ. ಇದನ್ನೂ ನಿನ್ನ ಕಾಗದಕ್ಕೆ ಕೊಟ್ಬುಡ್ಲಾ?”

ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಇಷ್ಟು ವರ್ಷ ಅದೇ ಮನೆಯಲ್ಲಿ ಉಂಡು ಮಲಗಿ, ಕಮ್ಯುನಿಕೇಷನ್ ಓದುತ್ತೇನೆ ಅಂತ ಮೆರೆದವಳಿಗೆ, ಸ್ವಂತ ಅಮ್ಮನಿಗೆ ಮಾತಾಡಲು ಯಾರೂ ಇರಲಿಲ್ಲ ಅನ್ನುವುದು ಗೊತ್ತಿರಲಿಲ್ಲ. ಹೋಗಿ ಅವಳ ಬೆನ್ನಿಗೆ ಮುಖ ಒತ್ತಿ ನಿಂತುಕೊಂಡೆ. “ಬಿಡೇ, ಕೈ ಸುಟ್ಕೋತೀಯ” ಅಂದಳು, ಆದರೆ ಕೊಸರಿಕೊಳ್ಳಲಿಲ್ಲ.

ಆಗಲೇ ಅಕ್ಕನ ಫೋನು ಬಂತು. ಅಮ್ಮನ ಕೈಯೆಲ್ಲ ಹಿಟ್ಟು, ನಾನು ಸ್ಪೀಕರಿಗೆ ಹಾಕಿದೆ. ಡಾಕ್ಟರು ದಿನ ತುಂಬುವ ಮುಂಚೆಯೇ ಆಸ್ಪತ್ರೆಗೆ ಬಂದು ಸೇರಿಕೊಳ್ಳಿ ಅಂದಿದ್ದಾರೆ ಅಂತ ಹೇಳಿದಳು. “ಅಮ್ಮಾ, ನಂಗೆ ಭಯ ಆಗ್ತಿದೆ ಕಣಮ್ಮಾ. ನೀನು ಬರ್ತೀಯ ತಾನೇ?”

ಅಮ್ಮ ‘ನೋಡಣ’ ಅನ್ನಲಿಲ್ಲ. ಒಲೆ ಆರಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡಳು. ಫೋನಿನ ಹತ್ತಿರ ಬಾಯಿ ತಂದು, “ಹೊತ್ತೊತ್ತಿಗೆ ಉಣ್ಣು” ಅಂದಳು.

ಆ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಫ್ರಿಜ್ಜಿನಿಂದ ಪೆನ್ನು ತೆಗೆದು ಮಂಚದ ಮೇಲಿಟ್ಟಳು. ಅದರ ಪಕ್ಕ ನನ್ನ ಹಾಳೆಯನ್ನೂ ಇಟ್ಟಳು, ಮೂಲೆ ಮಡಚಿದ್ದನ್ನು ಉಗುರಿನಿಂದ ನೇರ ಮಾಡಿ. “ಬಟ್ಟೆ ಎತ್ಕೊಂಡು ಬರ್ತೀನಿ” ಅಂತ ಮಹಡಿ ಮೆಟ್ಟಿಲು ಹತ್ತಿದಳು. ಒಣಗಿದ ಬಟ್ಟೆಗಳನ್ನು ಅವಳು ಮಧ್ಯಾಹ್ನವೇ ಎತ್ತಿ ಮಡಿಸಿಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಅಪ್ಪ ಬಂದು ಕೂತ. ನಾನು ಅವನಿಗೆ ಬೆನ್ನು ಹಾಕಿ, ಬಾಗಿಲ ಕಡೆ ಮುಖ ಮಾಡಿ, ಮಂಚದ ಪಕ್ಕಕ್ಕೆ ಎಳೆದ ಸ್ಟೂಲಿನ ಮೇಲೆ ಕೂತೆ. ಹಾಳೆ ಓದುವ ದನಿ ಕೇಳಿತು. ಅವತ್ತು ಹರಾಜಿನ ರಾಗ ಇರಲಿಲ್ಲ. ನೀರಿನ ಸದ್ದು, ಸೂಜಿಯ ಮುಚ್ಚಳ ಬಿಚ್ಚಿದ ಸದ್ದು, ಟಿಕ್ ಟಿಕ್. ಆಮೇಲೆ ಏನೂ ಇಲ್ಲ.

“ಏಯ್… ಎಲ್ಲೋದ್ಯೇ?” ಅಪ್ಪ ಕೂಗಿದ. ಮಹಡಿಯಿಂದ ಉತ್ತರ ಬರಲಿಲ್ಲ.

“ಅವ್ವಾ, ನಿಮ್ಮಮ್ಮನ್ನ ಕರಿಯೇ.”

ನಾನು ಬಾಯಿ ಬಿಡಲಿಲ್ಲ. ನನ್ನ ಇಡೀ ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದು ಬೇರೆ ಇಲ್ಲ. ಎದ್ದು ಹೋಗಿ ಪೆನ್ನು ಕಿತ್ತುಕೊಂಡು ನಾನೇ ಚುಚ್ಚಿಬಿಡಲಾ ಅನ್ನಿಸಿತು. ಕೈಗಳನ್ನು ಸ್ಟೂಲಿನ ಅಂಚಿಗೆ ಒತ್ತಿ ಹಿಡಿದುಕೊಂಡೆ.

“ನೀನಾದ್ರೂ ಏನಾದ್ರೂ ಮಾತಾಡೇ. ಸುಮ್ಕೆ ಕೂತ್ರೆ ಎಂಗೆ?” ದನಿಯಲ್ಲಿ ಮಂಡಿಯ ಗತ್ತು ಎಳ್ಳಷ್ಟೂ ಉಳಿದಿರಲಿಲ್ಲ. “ಥೂ, ಯಾವನು ಕಂಡಿಡಿದ್ನೋ ಈ ದರಿದ್ರ ಓದ! ಬಾಯಿದ್ದೋಳ್ನ ಮೂಗಿ ಮಾಡವ್ರೆ” ಅಂತ ಕಾಲೇಜಿಗೂ ಮೇಡಂಗೂ ಸೇರಿಸಿ ಬೈದ. ನನಗೆ ನಗುವೂ ಬಂತು, ಅಳುವೂ ಬಂತು. ಹೊರಗೆ ಕೋಗಿಲು ಕ್ರಾಸಿನ ಕಡೆಯ ಬಸ್ಸೊಂದು ಹಾರನ್ ಹಾಕಿಕೊಂಡು ಹೋಯಿತು.

ಆಮೇಲೆ ಅಪ್ಪ ತನ್ನಷ್ಟಕ್ಕೆ ತಾನೇ, ಬಹಳ ಮೆಲ್ಲಗೆ, ಆ ಸಾಲನ್ನು ಓದಿಕೊಂಡ. ಒಂದೇ ಸಲ. ಟಕ್ ಅಂತ. ಮಂಚ ಒಮ್ಮೆ ಕಿರುಗುಟ್ಟಿತು. ಉಸಿರು ಎಳೆದುಕೊಂಡದ್ದು ಕೇಳಿತು. ಮತ್ತೆ ಎಣಿಸುವುದು ಕೇಳಿತು, ಹಾಳೆಯಲ್ಲಿ ಬರೆದಿದ್ದ ಹಾಗೆ, ಹತ್ತರವರೆಗೂ, ಒಂದನ್ನೂ ನುಂಗದೆ.

“ಅಯ್ಯೋ ಇವನ!” ಅಂದ ಅಪ್ಪ. “ನೋವೇ ಆಗ್ಲಿಲ್ವಲ್ಲೇ!”

ನಾನು ತಿರುಗಿದೆ. ಅಪ್ಪ ಅಂಗಿ ಇಳಿಬಿಟ್ಟು, ಪೆನ್ನನ್ನು ಕಣ್ಣಿನ ಹತ್ತಿರ ಹಿಡಿದು, ಮಾಲು ಬದಲಾಗಿದೆಯೇನೋ ಅನ್ನುವ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನನ್ನ ಮುಖ ನೋಡಿದ. ದಿನಾ ಬೆಳಿಗ್ಗೆ ಸಂಜೆ ಅಮ್ಮ ನಿಧಾನಕ್ಕೆ, ಅಷ್ಟು ಪ್ರೀತಿಯಿಂದ, ಎಷ್ಟು ನೋಯಿಸಿದ್ದಾಳೆ ಅನ್ನುವುದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಒಂದು ದಿನವೂ ಅಪ್ಪ ಹಾ ಅಂದದ್ದಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅಮ್ಮ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತಳು. ಅವಳಿಗೆ ಬಟ್ಟೆಯ ನೆಪವೂ ಮರೆತುಹೋಗಿತ್ತು. ಕಣ್ಣು ಮೊದಲು ಪೆನ್ನಿನ ಮೇಲೆ, ಆಮೇಲೆ ಅಪ್ಪನ ಹೊಟ್ಟೆಯ ಮೇಲೆ.

“ಹಾಕ್ಕೊಂಡ್ರಾ?”

“ಹೂಂ.”

“ನೋವಾಯ್ತಾ?”

ನಾನು ಖುಷಿ ತಡೆಯಲಾಗದೆ ಬಾಯಿ ತೆರೆದಿದ್ದೆ. ಅಪ್ಪ ಅಮ್ಮನಿಗೆ ಕಾಣದ ಹಾಗೆ ನನ್ನ ಕಾಲನ್ನು ಕಾಲಿಂದ ಒತ್ತಿದ.

“ಆಗ್ದೆ ಇರ್ತದಾ?” ಅಂದ ಅಪ್ಪ, ಹೊಟ್ಟೆ ಸವರಿಕೊಳ್ಳುತ್ತಾ. “ಜೀವ ಓದಂಗಾಯ್ತು. ನಿನ್ ಕೈ ಇದ್ದಂಗಾಯ್ತದಾ ಇದು?”

ಅಮ್ಮನ ಮುಖ ಒಮ್ಮೆಲೇ ಅರಳಿತು, ಹಾಗೇ ಕಣ್ಣು ತುಂಬಿತು. “ನಂಗೊತ್ತಿತ್ತು! ಗಂಡಸರ ಕೈ, ಮರದ ಕೊರಡು” ಅಂತ ಗದರಿಕೊಂಡು ಒಳಗೆ ಬಂದು, ಅಟ್ಟದ ಮೇಲಿನ ಸೂಟ್‌ಕೇಸಿಗೆ ಕೈಯೆಟುಕದೆ ನನ್ನನ್ನು ಸ್ಟೂಲಿನಿಂದ ಎಬ್ಬಿಸಿದಳು. ಸ್ಟೂಲು ಹತ್ತಿ ನಿಂತು, ಸೂಟ್‌ಕೇಸಿನ ಧೂಳನ್ನು ಸೆರಗಿನಿಂದ ಒರೆಸುತ್ತಾ, ಅಪ್ಪನ ಕಡೆ ನೋಡದೆ ಹೇಳಿದಳು:

“ಸ್ವಲ್ಪ ದಿನ ಹೆಂಗಾದ್ರೂ ತಡ್ಕೊಳ್ರೀ. ಮಗುವನ್ನ ನೋಡ್ಕೊಂಡು ಬಂದ್ಮೇಲೆ ಮತ್ತೆ ನಾನೇ ಹಾಕ್ತೀನಿ, ನಿಧಾನಕ್ಕೆ.”

“ಹೂಂ ಕಣೇ,” ಅಂದ ಅಪ್ಪ. “ನಿಧಾನಕ್ಕೇ ಹಾಕು.”